‘ಎಲ್ಲ ನಾರ್ಮಲ್’ ಎಂದ ಮೇಲೂ ಉಳಿಯುವ ಪ್ರಶ್ನೆ

ಬೆಳಗಿನ ಏಳೂವರೆಗೆ ಸಾರಕ್ಕಿ ಸಿಗ್ನಲ್ ಆಗಲೇ ಗಿಜಿಗುಡುತ್ತಿರುತ್ತದೆ. ಕನಕಪುರ ರಸ್ತೆಯ ನೆತ್ತಿಯ ಮೇಲೆ ಹಸಿರು ಮಾರ್ಗದ ಮೆಟ್ರೊ ಯಲಚೇನಹಳ್ಳಿಯತ್ತ ಹೋಗುತ್ತಿರುತ್ತದೆ, ಕೆಳಗೆ ಜರಗನಹಳ್ಳಿಯ ಅಡ್ಡರಸ್ತೆಗಳಿಂದ ಸ್ಕೂಟರು, ಬೈಕು ಒಂದೊಂದಾಗಿ ಮುಖ್ಯರಸ್ತೆಗೆ ಬಂದು ಸೇರುತ್ತಿರುತ್ತವೆ. ಈ ಹೊತ್ತಿಗೆ ಜೆ.ಪಿ. ನಗರ, ಜಯನಗರ, ಬನಶಂಕರಿ ಸುತ್ತಮುತ್ತಲಿನ ಯಾವುದಾದರೂ ಸ್ಕ್ಯಾನಿಂಗ್ ಸೆಂಟರಿನ ಮುಂದೆ ಐದು ನಿಮಿಷ ನಿಂತರೆ ಒಂದು ನೋಟ ತಪ್ಪದೆ ಕಣ್ಣಿಗೆ ಬೀಳುತ್ತದೆ. ಹೆಂಡತಿ ಒಳಗೆ ಟೋಕನ್ ಹಿಡಿದು ಕುಳಿತಿದ್ದಾಳೆ. ಗಂಡ ಹೊರಗೆ ಗಾಡಿಗೆ ಒರಗಿ, ಮೊಣಕೈಗೆ ಹೆಲ್ಮೆಟ್ ಸಿಕ್ಕಿಸಿಕೊಂಡು, ಮೊಬೈಲ್ ನೋಡುತ್ತ ನಿಂತಿದ್ದಾನೆ. ಅವಳ ತೊಡೆಯ ಮೇಲಿನ ಪ್ಲಾಸ್ಟಿಕ್ ಫೈಲು ದಪ್ಪಗಿದೆ: ಮುಟ್ಟಿನ ಎರಡನೇ ದಿನದ ರಕ್ತ ಪರೀಕ್ಷೆ, ಒಂಬತ್ತನೇ ದಿನದ ಸ್ಕ್ಯಾನ್, ಹನ್ನೊಂದನೇ ದಿನದ್ದು, ಹದಿಮೂರನೇ ದಿನದ್ದು, ಹಿಂದಿನ ವರ್ಷದ್ದು. ಅಷ್ಟು ಹಾಳೆಗಳ ನಡುವೆ ಅವನ ಹೆಸರಿನದು ಒಂದೇ ಒಂದು ಹಾಳೆ. ಕೆಲವು ಫೈಲುಗಳಲ್ಲಿ ಅದೂ ಇರುವುದಿಲ್ಲ.

ಆ ಫೈಲಿನ ಕೊನೆಯ ಪುಟದಲ್ಲಿ ವೈದ್ಯರು ‘ಅನ್‌ಎಕ್ಸ್‌ಪ್ಲೇನ್ಡ್ ಇನ್‌ಫರ್ಟಿಲಿಟಿ’ ಎಂದು ಬರೆದಿದ್ದರೆ ಅದನ್ನು ಓದಿದ ದಂಪತಿಗೆ ಏನು ಮಾಡಬೇಕೆಂದೇ ತೋಚುವುದಿಲ್ಲ. ಕಾರಣ ತಿಳಿಯದ ಬಂಜೆತನ. ರೋಗವಿದೆ ಎಂದಿದ್ದರೆ ಔಷಧಿಯನ್ನಾದರೂ ಕೇಳಬಹುದಿತ್ತು, ಏನೂ ಇಲ್ಲ ಎಂದಿದ್ದರೆ ಸುಮ್ಮನಿರಬಹುದಿತ್ತು. ನನ್ನ ವಾದ ಇಷ್ಟು: ಈ ಮಾತು ಯಾವ ರೋಗದ ಹೆಸರೂ ಅಲ್ಲ, ತನಿಖೆ ಎಲ್ಲಿಯವರೆಗೆ ಹೋಗಿ ನಿಂತಿದೆ ಎಂಬುದನ್ನು ಮಾತ್ರ ಅದು ಹೇಳುತ್ತದೆ. ತನಿಖೆ ಬೇಗ ನಿಂತಷ್ಟೂ ‘ಕಾರಣ ತಿಳಿಯದವರ’ ಸಂಖ್ಯೆ ಹೆಚ್ಚುತ್ತದೆ. ಹಾಗಾಗಿ ಗಂಡ ಹೆಂಡತಿ ಇಬ್ಬರನ್ನೂ, ಅವರ ದೇಹದ ಜೊತೆಗೆ ಅವರ ದುಡಿಮೆ, ನಿದ್ದೆ, ದಾಂಪತ್ಯವನ್ನೂ ಒಟ್ಟಿಗೆ ಇಟ್ಟು ನೋಡುವ ಸಮಗ್ರ ತನಿಖೆ ಮುಗಿಯುವ ಮೊದಲು ಆ ಮಾತನ್ನು ಬರೆಯಬಾರದು.

ಒಂದು ಹೆಸರು, ನಾಲ್ಕು ಪರೀಕ್ಷೆ

ಗರ್ಭನಿರೋಧಕ ಬಳಸದೆ ಒಂದು ವರ್ಷ ನಿಯಮಿತವಾಗಿ ಕೂಡಿದ ಮೇಲೂ ಗರ್ಭ ನಿಲ್ಲದಿದ್ದರೆ ಅದನ್ನು ಬಂಜೆತನವೆಂದು ವಿಶ್ವ ಆರೋಗ್ಯ ಸಂಸ್ಥೆ ಕರೆಯುತ್ತದೆ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕು ಎಂಬುದು ತಜ್ಞರ ಸಲಹೆ. ಅದೇ ಸಂಸ್ಥೆ 2023ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ವಯಸ್ಕರಲ್ಲಿ ಶೇ 17.5ರಷ್ಟು, ಅಂದರೆ ಸುಮಾರು ಆರರಲ್ಲಿ ಒಬ್ಬರು, ಬದುಕಿನ ಯಾವುದೋ ಘಟ್ಟದಲ್ಲಿ ಈ ತೊಂದರೆ ಕಾಣುತ್ತಾರೆ. ಪರೀಕ್ಷೆಗೆ ಬಂದ ದಂಪತಿಗಳಲ್ಲಿ ಶೇ 15ರಿಂದ 30ರಷ್ಟು ಜನರಿಗೆ ‘ಕಾರಣ ತಿಳಿಯದು’ ಎಂಬ ಉತ್ತರ ಸಿಗುತ್ತದೆ. ಆ ಉತ್ತರ ಕೊಡುವ ಮೊದಲು ವಾಡಿಕೆಯಲ್ಲಿ ನೋಡುವುದು ನಾಲ್ಕು ಸಂಗತಿ: ಅಂಡಾಣು ತಿಂಗಳು ತಿಂಗಳು ಬಿಡುಗಡೆಯಾಗುತ್ತಿದೆಯೇ, ಗರ್ಭಕೋಶದ ಆಕಾರ ಸರಿಯಿದೆಯೇ, ಅದರ ಎರಡೂ ಬದಿಯ ನಾಳಗಳು ತೆರೆದಿವೆಯೇ, ಗಂಡನ ವೀರ್ಯದಲ್ಲಿ ಸಾಕಷ್ಟು ವೀರ್ಯಾಣುಗಳಿವೆಯೇ. ನಾಲ್ಕಕ್ಕೂ ಹೌದು ಎಂದರೆ ಎಲ್ಲ ನಾರ್ಮಲ್.

ಆದರೆ ಈ ನಾಲ್ಕು ಪರೀಕ್ಷೆಗಳಿಗೆ ಕಾಣದ್ದು ಬಹಳಷ್ಟಿದೆ. ಬಿಡುಗಡೆಯಾದ ಅಂಡಾಣು ಗಟ್ಟಿಯಾಗಿತ್ತೇ, ನಾಳದ ತುದಿ ಅದನ್ನು ಎತ್ತಿಕೊಂಡಿತೇ, ವೀರ್ಯಾಣು ಅದರೊಳಗೆ ಹೊಕ್ಕಿತೇ, ಕಟ್ಟಿದ ಭ್ರೂಣ ಗರ್ಭಕೋಶದ ಒಳಪದರಕ್ಕೆ ಅಂಟಿತೇ ಎಂಬುದು ಸ್ಕ್ಯಾನಿನಲ್ಲಿ ತಿಳಿಯುವುದಿಲ್ಲ. ಇನ್ನೊಂದನ್ನೂ ನೆನಪಿಡಬೇಕು. ಪೂರ್ತಿ ಆರೋಗ್ಯವಾಗಿರುವ ದಂಪತಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನಾಲ್ಕೈದರಲ್ಲಿ ಒಂದರಷ್ಟು ಮಾತ್ರ. ನೂರು ಜೋಡಿಗಳಲ್ಲಿ ಎಂಬತ್ತಕ್ಕೂ ಹೆಚ್ಚು ಜನರಿಗೆ ಮೊದಲ ವರ್ಷದಲ್ಲಿ, ಉಳಿದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಎರಡನೇ ವರ್ಷದಲ್ಲಿ ಗರ್ಭ ನಿಲ್ಲುತ್ತದೆ. ಹೀಗಾಗಿ ಒಂದೇ ಹಣೆಪಟ್ಟಿಯ ಕೆಳಗೆ ಬೇರೆ ಬೇರೆ ಥರದ ಜನ ಬಂದು ಸೇರುತ್ತಾರೆ: ಏನೂ ತೊಂದರೆಯಿಲ್ಲದೆ ಕೇವಲ ತಡವಾದವರು, ಇಂದಿನ ಪರೀಕ್ಷೆಗಳಿಗೆ ಸಿಗದ ಸೂಕ್ಷ್ಮ ದೋಷವಿರುವವರು, ಮತ್ತು ಸರಿಯಾಗಿ ಕೇಳಿದ್ದರೆ, ಮುಟ್ಟಿ ನೋಡಿದ್ದರೆ ಕಾರಣ ಸಿಗುತ್ತಿದ್ದವರು. ಈ ಮೂರನೆಯವರ ವಿಷಯದಲ್ಲಿ ಆಗುವ ಅನ್ಯಾಯವನ್ನು ತಪ್ಪಿಸಲು ಸಾಧ್ಯವಿದೆ.

ಗಂಡನ ಹೆಸರಿನ ಹಾಳೆ

ಮಕ್ಕಳಾಗದ ಜೋಡಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣ ಪೂರ್ತಿಯಾಗಿಯೋ ಭಾಗಶಃವಾಗಿಯೋ ಇರುತ್ತದೆ. ಆದರೂ ನಮ್ಮಲ್ಲಿ ಹೆಣ್ಣಿಗೆ ದುರ್ಬೀನಿನ ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಗಂಡನ ವೀರ್ಯ ಪರೀಕ್ಷೆಗೆ ಚೀಟಿ ಬರೆಯುವ ಉದಾಹರಣೆಗಳಿವೆ. ಕೆಲವು ನೂರು ರೂಪಾಯಿಯ, ನೋವಿಲ್ಲದ ಪರೀಕ್ಷೆ ಕೊನೆಗೆ ಬರುತ್ತದೆ, ಅರಿವಳಿಕೆ ಬೇಕಾದದ್ದು ಮೊದಲು ಬರುತ್ತದೆ. ಆ ಒಂದು ಹಾಳೆಯನ್ನು ಓದುವುದರಲ್ಲೂ ಎಡವುತ್ತೇವೆ. ಒಂದು ಮಿಲಿ ಲೀಟರಿಗೆ 1.6 ಕೋಟಿ ವೀರ್ಯಾಣು, ಅವುಗಳಲ್ಲಿ ಶೇ 42 ಚಲಿಸುತ್ತಿರಬೇಕು, ಶೇ 4ರ ಆಕಾರ ಸರಿಯಿರಬೇಕು ಎಂಬ ಅಂಕಿಗಳು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ಕೈಪಿಡಿಯ ಆರನೇ ಆವೃತ್ತಿಯವು. ಒಂದು ವರ್ಷದೊಳಗೆ ಹೆಂಡತಿಗೆ ಗರ್ಭ ನಿಂತ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೆಳಗಿನಿಂದ ನೂರಕ್ಕೆ ಐದನೆಯವನ ಬಳಿ ಗೆರೆ ಎಳೆದು ಆ ಅಂಕಿಗಳನ್ನು ತೆಗೆದಿದ್ದಾರೆ. ಅಂದರೆ ಗೆರೆಗಿಂತ ಕೆಳಗಿದ್ದೂ ತಂದೆಯಾದವರಿದ್ದಾರೆ, ಮೇಲಿದ್ದೂ ಆಗದವರಿದ್ದಾರೆ. 1.7 ಕೋಟಿ ಬಂದ ವರದಿಯಲ್ಲಿ ‘ನಾರ್ಮಲ್’ ಎಂಬ ಮುದ್ರೆ ಕಂಡ ಕೂಡಲೇ ಗಂಡನನ್ನು ಮನೆಗೆ ಕಳಿಸಿಬಿಡುವುದು ಆ ಅಂಕಿಯ ಅರ್ಥವನ್ನೇ ಮರೆತಂತೆ.

ಇನ್ನು ಆ ಅಂಕಿಯ ಹಿಂದಿರುವ ಮನುಷ್ಯನ ವಿಚಾರ. ವೃಷಣಗಳು ದೇಹದ ಉಳಿದ ಭಾಗಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಬೇಕರಿಯ ಒಲೆಯ ಮುಂದೆ ದಿನವಿಡೀ ನಿಲ್ಲುವವನು, ಹನ್ನೆರಡು ಗಂಟೆ ಕ್ಯಾಬಿನ ಸೀಟಿನಲ್ಲಿ ಕೂರುವವನು, ಸಾರಕ್ಕಿ ಕೈಗಾರಿಕಾ ಬಡಾವಣೆಯಂಥ ಜಾಗದಲ್ಲಿ ವೆಲ್ಡಿಂಗ್ ಮಾಡುವವನು, ಸ್ಪ್ರೇ ಪೇಂಟಿನ ಹೊಗೆ ಕುಡಿಯುವವನು ತನ್ನ ಕೆಲಸ ಯಾವುದೆಂದು ವೈದ್ಯರಿಗೆ ಹೇಳಲೇಬೇಕು. ಗಂಡಸರಲ್ಲಿ ಸುಮಾರು ನೂರಕ್ಕೆ ಹದಿನೈದು ಜನರಿಗೆ ವೃಷಣದ ರಕ್ತನಾಳಗಳು ಉಬ್ಬಿರುತ್ತವೆ. ಬಂಜೆತನದ ತಪಾಸಣೆಗೆ ಬಂದವರಲ್ಲಿ ಇದರ ಪ್ರಮಾಣ ಇನ್ನೂ ಹೆಚ್ಚು. ನಿಲ್ಲಿಸಿ, ಕೈಯಿಂದ ಮುಟ್ಟಿ ನೋಡಿದರೆ ಬಹುಪಾಲು ತಿಳಿಯುವ ಸಂಗತಿ ಇದು, ಆದರೆ ಎಷ್ಟೋ ಗಂಡಸರನ್ನು ಯಾರೂ ಪರೀಕ್ಷಿಸಿಯೇ ಇರುವುದಿಲ್ಲ. ಜಿಮ್ಮಿನಲ್ಲಿ ಮೈಕಟ್ಟಿಗೆಂದು ಕೊಡುವ ಟೆಸ್ಟೊಸ್ಟಿರಾನ್ ಇಂಜೆಕ್ಷನ್ನಿನ ವಿಷಯವನ್ನಂತೂ ಗಂಡಸರು ಹೆಂಡತಿಗೂ ಹೇಳಿರುವುದಿಲ್ಲ. ಹೊರಗಿನಿಂದ ಹಾರ್ಮೋನು ಬಂದರೆ ಮಿದುಳು ವೃಷಣಕ್ಕೆ ಕಳಿಸುವ ಆಜ್ಞೆಯನ್ನು ನಿಲ್ಲಿಸುತ್ತದೆ, ವೀರ್ಯಾಣುವಿನ ಉತ್ಪಾದನೆ ಕುಸಿಯುತ್ತದೆ, ಕೆಲವೊಮ್ಮೆ ಸೊನ್ನೆಗೆ ಇಳಿಯುತ್ತದೆ. ಗಂಡಸುತನ ಹೆಚ್ಚಿಸುವುದೆಂದು ನಂಬಿ ತೆಗೆದುಕೊಂಡದ್ದೇ ತಂದೆಯಾಗುವುದನ್ನು ತಡೆಯುತ್ತದೆ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಹಾಗಾಗಿ ಇಂದಿನ ವರದಿ ಎರಡೂವರೆ ಮೂರು ತಿಂಗಳ ಹಿಂದಿನ ಬದುಕಿನ ವರದಿ: ಆಗ ಬಂದ ಡೆಂಗಿ ಜ್ವರ, ಆಗಿನ ಸಿಗರೇಟು, ಆಗಿನ ರಾತ್ರಿಪಾಳಿ. ಅನುಮಾನವಿದ್ದರೆ ಮೂರು ತಿಂಗಳ ನಂತರ ಮತ್ತೊಮ್ಮೆ ನೋಡಬೇಕು ಎನ್ನುವುದು ಇದಕ್ಕೇ.

ಯಾರೂ ಕೇಳದ ಪ್ರಶ್ನೆ

ಇಡೀ ತನಿಖೆಯಲ್ಲಿ ಅತ್ಯಂತ ಅಗ್ಗದ, ಅತ್ಯಂತ ಕಡಿಮೆ ಬಳಕೆಯಾಗುವ ಸಾಧನವೆಂದರೆ ಒಂದು ನೇರ ಪ್ರಶ್ನೆ: ನೀವಿಬ್ಬರೂ ತಿಂಗಳಲ್ಲಿ ಎಷ್ಟು ಸಲ, ಯಾವ ದಿನಗಳಲ್ಲಿ ಕೂಡುತ್ತೀರಿ? ಅಮೆರಿಕದ ಸಂಶೋಧಕರು 221 ಮಹಿಳೆಯರನ್ನು ಅಧ್ಯಯನ ಮಾಡಿ 1995ರಲ್ಲಿ ತೋರಿಸಿಕೊಟ್ಟ ಸಂಗತಿ ಇಂದಿಗೂ ನಿಂತಿದೆ. ಗರ್ಭ ನಿಲ್ಲಬಹುದಾದ ದಿನಗಳು ತಿಂಗಳಿಗೆ ಆರು ಮಾತ್ರ, ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ. ಈಗ ಜರಗನಹಳ್ಳಿಯ ಒಂದು ಬಾಡಿಗೆ ಮನೆಯನ್ನು ಕಲ್ಪಿಸಿಕೊಳ್ಳಿ. ಅವನಿಗೆ ಅಮೆರಿಕದ ಸಮಯದ ಕೆಲಸ, ಸಂಜೆ ಹೋದರೆ ನಸುಕಿಗೆ ಬರುತ್ತಾನೆ. ಅವಳಿಗೆ ಗಾರ್ಮೆಂಟ್ಸಿನಲ್ಲಿ ಹಗಲು ಪಾಳಿ, ಅವನು ಮಲಗುವ ಹೊತ್ತಿಗೆ ಅವಳು ಡಬ್ಬಿ ಕಟ್ಟಿಕೊಂಡು ಬಸ್‌ಸ್ಟಾಪಿನಲ್ಲಿರುತ್ತಾಳೆ. ಒಂದು ಕೋಣೆ, ಒಂದು ನಡುಮನೆ, ನಡುಮನೆಯಲ್ಲಿ ಅತ್ತೆ ಮಾವ. ಭಾನುವಾರ ಮಾತ್ರ ಇಬ್ಬರೂ ಎಚ್ಚರವಿದ್ದು ಮನೆಯಲ್ಲಿರುವ ದಿನ, ಆ ದಿನ ನೆಂಟರ ಮನೆಯ ಗೃಹಪ್ರವೇಶ. ಇಂಥ ಜೋಡಿಗೆ ವರ್ಷಕ್ಕೆ ಎಷ್ಟು ತಿಂಗಳು ಆ ಆರು ದಿನ ದಕ್ಕಿತು? ಇದನ್ನು ಕೇಳದೆ ‘ಕಾರಣ ತಿಳಿಯದು’ ಎಂದು ಬರೆದರೆ ಕಾರಣವನ್ನು ಹುಡುಕಲೇ ಇಲ್ಲ ಎಂದರ್ಥ. ಎರಡು ಮೂರು ದಿನಕ್ಕೊಮ್ಮೆ ಕೂಡುತ್ತಿದ್ದರೆ ದಿನದ ಲೆಕ್ಕ ಇಡುವ ಅಗತ್ಯವೇ ಇಲ್ಲ ಎನ್ನುತ್ತಾರೆ ವೈದ್ಯರು. ಆದರೆ ಬೆಂಗಳೂರಿನ ಪಾಳಿ ಬದುಕಿನಲ್ಲಿ ಅಷ್ಟೂ ಎಷ್ಟೋ ಜನರಿಗೆ ಕಷ್ಟ.

ಇದಕ್ಕಿಂತ ಕಠಿಣ ಪ್ರಶ್ನೆಗಳೂ ಇವೆ. ಕೂಡುವಾಗ ಅವಳಿಗೆ ನೋವಾಗುತ್ತದೆಯೇ? ಮೈ ಬಿಗಿದುಕೊಂಡು ಸಂಭೋಗವೇ ಸಾಧ್ಯವಾಗುತ್ತಿಲ್ಲವೇ? ಅವನಿಗೆ ನಿಮಿರುವಿಕೆಯ ತೊಂದರೆಯಿದೆಯೇ? ಮದುವೆಯಾಗಿ ಮೂರು ನಾಲ್ಕು ವರ್ಷವಾದರೂ ದೈಹಿಕ ಸಂಬಂಧವೇ ಪೂರ್ಣಗೊಳ್ಳದ ಜೋಡಿಗಳು ನಾಚಿಕೆಯಿಂದ ಅದನ್ನು ಹೇಳದೆ ಹಾರ್ಮೋನು ಮಾತ್ರೆ ನುಂಗುತ್ತಾರೆ. ಅತ್ತೆ ಪಕ್ಕದಲ್ಲಿ ಕುಳಿತಿದ್ದರೆ ಈ ಮಾತು ಬರುವುದೇ ಇಲ್ಲ. ಅದಕ್ಕೇ ಇಬ್ಬರನ್ನೂ ಒಟ್ಟಿಗೆ ಒಮ್ಮೆ, ಬೇರೆ ಬೇರೆಯಾಗಿ ಒಮ್ಮೆ ಮಾತನಾಡಿಸಬೇಕು. ಸಣ್ಣ ವಿಷಯ ಎನ್ನಿಸುವವೂ ಹೀಗೆಯೇ ಹೊರಬರುತ್ತವೆ. ಸೊಂಟನೋವಿಗೆ ದಿನಾ ನುಂಗುವ ಕೆಲವು ನೋವಿನ ಮಾತ್ರೆಗಳು ಅಂಡಾಣು ಹೊರಬರುವುದನ್ನು ತಡೆಯಬಲ್ಲವು, ಅಂಗಡಿಯಲ್ಲಿ ಸಿಗುವ ಹಲವು ಜಾರುದ್ರವ್ಯಗಳು ವೀರ್ಯಾಣುವಿನ ಚಲನೆಯನ್ನು ಕುಂದಿಸುತ್ತವೆ. ಇದು ಯಾವ ಯಂತ್ರಕ್ಕೂ ತಿಳಿಯದು, ಬಾಯಿಬಿಟ್ಟು ಕೇಳಿದವರಿಗೆ ತಿಳಿಯುತ್ತದೆ.

ಋತು, ಕ್ಷೇತ್ರ, ಅಂಬು, ಬೀಜ

ಸಮಗ್ರವಾಗಿ ನೋಡಬೇಕೆಂಬುದು ಹೊರಗಿನಿಂದ ಬಂದ ಹೊಸ ಫ್ಯಾಷನ್ ಎಂದು ಯಾರೂ ತಿಳಿಯಬೇಕಿಲ್ಲ. ಗರ್ಭ ಕಟ್ಟಲು ಋತು, ಕ್ಷೇತ್ರ, ಅಂಬು, ಬೀಜ ಈ ನಾಲ್ಕೂ ಕೂಡಿಬರಬೇಕೆಂದು ಸುಶ್ರುತ ಸಂಹಿತೆ ಬೇಸಾಯದ ಹೋಲಿಕೆ ಕೊಟ್ಟು ಹೇಳುತ್ತದೆ: ಸರಿಯಾದ ಕಾಲ, ನೆಲ, ನೀರು, ಬಿತ್ತನೆ. ಹೆಣ್ಣನ್ನು ಹೊಲಕ್ಕೆ ಹೋಲಿಸುವುದು ನನಗೆ ಒಪ್ಪಿತವಲ್ಲ. ಆದರೂ ಆ ಹೋಲಿಕೆಯಲ್ಲೊಂದು ನ್ಯಾಯವಿದೆ. ಬೆಳೆ ಬಾರದಿದ್ದರೆ ನಮ್ಮ ಯಾವ ರೈತನೂ ಹೊಲವನ್ನೊಂದೇ ಬೈದು ಕೂರುವುದಿಲ್ಲ. ಬೀಜ ಹಳೆಯದೇ, ಮಳೆ ಹಿಂದೆ ಮುಂದೆ ಆಯಿತೇ, ಹದ ನೋಡಿ ಬಿತ್ತಿದೆನೇ ಎಂದು ನಾಲ್ಕೂ ಕಡೆ ನೋಡುತ್ತಾನೆ. ಇಪ್ಪತ್ತೊಂದನೇ ಶತಮಾನದ ಫೈಲಿನಲ್ಲಿ ಆ ನಾಲ್ಕರಲ್ಲಿ ಕ್ಷೇತ್ರವೊಂದೇ ಉಳಿದಿದೆ.

ಆ ‘ಕ್ಷೇತ್ರ’ವನ್ನಾದರೂ ಪೂರ್ತಿ ನೋಡುತ್ತೇವೆಯೇ? ಥೈರಾಯ್ಡ್ ಗ್ರಂಥಿ ಮಂದವಾಗಿದ್ದರೆ ಅಂಡಾಣುವಿನ ಲಯ ತಪ್ಪುತ್ತದೆ, ಸಕ್ಕರೆ ಕಾಯಿಲೆ ಗೊತ್ತಾಗದೆ ಉಳಿದಿದ್ದರೆ ಗರ್ಭ ನಿಂತ ಮೇಲೂ ಅಪಾಯ. ಮುಟ್ಟಿನ ನೋವಿನ ವಿಷಯ ಇನ್ನೂ ದೊಡ್ಡದು. ಗರ್ಭಕೋಶದ ಒಳಪದರದಂಥದೇ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್, ಹೆರುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗಿದೆ. ಮಾಮೂಲಿ ಸ್ಕ್ಯಾನಿನಲ್ಲಿ ಅದರ ಆರಂಭದ ಹಂತ ಕಾಣುವುದಿಲ್ಲ. ಆದರೆ ಅವಳನ್ನು ಕೇಳಿ ನೋಡಿ: ಹದಿನಾಲ್ಕನೇ ವಯಸ್ಸಿನಿಂದ ತಿಂಗಳಿಗೆ ಎರಡು ದಿನ ಹಾಸಿಗೆ ಹಿಡಿಯುತ್ತಿದ್ದೆ, ‘ಎಲ್ಲ ಹೆಣ್ಣುಮಕ್ಕಳಿಗೂ ಇರೋದೇ, ಬಿಸಿನೀರು ಕುಡಿ’ ಎಂದರು ಎನ್ನುತ್ತಾಳೆ. ಕಾರಣದ ಎಳೆ ಅಲ್ಲೇ ಇತ್ತು, ಹದಿನೈದು ವರ್ಷ ಯಾರೂ ಅದನ್ನು ಹಿಡಿದೆಳೆಯಲಿಲ್ಲ. ಕ್ಷಯವೂ ಅಷ್ಟೇ. ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ಕರಲ್ಲಿ ಒಬ್ಬರು ಭಾರತದವರು. ಕೆಮ್ಮಿಲ್ಲದೆ, ಜ್ವರವಿಲ್ಲದೆ ಗರ್ಭನಾಳದಲ್ಲಿ, ಗರ್ಭಕೋಶದ ಒಳಪದರದಲ್ಲಿ ಮೌನವಾಗಿ ಕೂರುವ ಕ್ಷಯವನ್ನು ಪಾಶ್ಚಾತ್ಯ ಪಠ್ಯಪುಸ್ತಕ ಕೊನೆಯ ಸಾಲಿನಲ್ಲಿ ಇಡಬಹುದು, ಬೆಂಗಳೂರಿನ ವೈದ್ಯರು ಹಾಗೆ ಇಡಲಾಗದು. ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೇ, ಚಿಕ್ಕಂದಿನಲ್ಲಿ ಕುತ್ತಿಗೆಯ ಗಂಟಿಗೆ ಔಷಧಿ ತೆಗೆದುಕೊಂಡಿದ್ದೀರಾ ಎಂಬ ಎರಡು ಪ್ರಶ್ನೆಗಳಿಂದ ದಾರಿ ತೆರೆಯಬಹುದು. ಹಾಗೆಂದು ಒಂದೇ ಒಂದು ಪಿಸಿಆರ್ ವರದಿಯಲ್ಲಿ ‘ಪಾಸಿಟಿವ್’ ಎಂದು ಬಂದ ಮಾತ್ರಕ್ಕೆ ಆರು ತಿಂಗಳ ಕ್ಷಯದ ಮಾತ್ರೆ ನುಂಗಿಸುವುದೂ ಸರಿಯಲ್ಲ. ಉಳಿದ ಲಕ್ಷಣ, ಅಂಗಾಂಶ ಪರೀಕ್ಷೆಯ ಜೊತೆ ಅದು ತಾಳೆಯಾಗಬೇಕು.

ಗರ್ಭನಾಳ ತೆರೆದಿದೆಯೇ ಎಂದು ನೋಡಲು ಬಣ್ಣದ ದ್ರವ ಹಾಯಿಸಿ ತೆಗೆಯುವ ಎಕ್ಸ್‌ರೇ, ಎಚ್‌ಎಸ್‌ಜಿ, ಬಹುತೇಕ ಎಲ್ಲರಿಗೂ ಆಗಿರುತ್ತದೆ. ನೆದರ್ಲೆಂಡ್ಸ್‌ನ 27 ಆಸ್ಪತ್ರೆಗಳಲ್ಲಿ 1119 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ನೀರಿನಂಶದ ದ್ರವ, ಇನ್ನೊಂದಕ್ಕೆ ಎಣ್ಣೆಯಂಶದ ದ್ರವ ಬಳಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆರು ತಿಂಗಳೊಳಗೆ ಮೊದಲ ಗುಂಪಿನಲ್ಲಿ ಶೇ 29.1, ಎರಡನೆಯದರಲ್ಲಿ ಶೇ 39.7ರಷ್ಟು ಜನರಿಗೆ ಗರ್ಭ ನಿಂತು ಮುಂದುವರಿಯಿತು. ಪರೀಕ್ಷೆಯೇ ಚಿಕಿತ್ಸೆಯಾದ ಅಪರೂಪದ ಉದಾಹರಣೆ ಇದು.

ಪರೀಕ್ಷೆ ಹೆಚ್ಚಿದಷ್ಟೂ ತನಿಖೆ ಸಮಗ್ರವಾಗದು

ಇಲ್ಲಿ ಒಂದು ಅಪಾರ್ಥಕ್ಕೆ ಎಡೆಯಿದೆ. ಸಮಗ್ರ ಎಂದ ಕೂಡಲೇ ‘ಕಂಪ್ಲೀಟ್ ಫರ್ಟಿಲಿಟಿ ಪ್ಯಾಕೇಜ್’ ಎಂಬ ಫಲಕ ನೆನಪಾಗುತ್ತದೆ, ಐವತ್ತು ರಕ್ತ ಪರೀಕ್ಷೆ ಒಂದೇ ದರಕ್ಕೆ. ನಾನು ಹೇಳುತ್ತಿರುವುದು ಅದರ ವಿರುದ್ಧ ದಿಕ್ಕಿನ ಮಾತು. ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘ 2023ರಲ್ಲಿ ಈ ಸಮಸ್ಯೆಗೆಂದೇ ಹೊರಡಿಸಿದ ಮಾರ್ಗಸೂಚಿ ಅನೇಕ ಪರೀಕ್ಷೆಗಳನ್ನು ಬೇಡ ಎನ್ನುತ್ತದೆ. ವೀರ್ಯದ ಮಾಮೂಲಿ ವರದಿ ಸರಿಯಿದ್ದರೆ ವೀರ್ಯಾಣುವಿನ ಡಿಎನ್‌ಎ ತುಂಡಾಗಿದೆಯೇ ಎಂಬ ಪರೀಕ್ಷೆ, ಪ್ರತಿಕಾಯಗಳ ಪರೀಕ್ಷೆ ಬೇಡ. ಮಹಿಳೆಗೆ ವಾಡಿಕೆಯಂತೆ ವಿಟಮಿನ್ ಡಿ, ಪ್ರೊಲ್ಯಾಕ್ಟಿನ್ ಹಾರ್ಮೋನಿನ ಪರೀಕ್ಷೆ ಬೇಡ. ಲಕ್ಷಣವಿಲ್ಲದ ಎಲ್ಲರಿಗೂ ಲ್ಯಾಪ್ರೋಸ್ಕೋಪಿ ಎಂಬ ದುರ್ಬೀನಿನ ಶಸ್ತ್ರಚಿಕಿತ್ಸೆ ಬೇಡ. ಮುಟ್ಟು ಕ್ರಮವಾಗಿರುವ ಹೆಣ್ಣಿಗೆ ಕಾರಣ ಹುಡುಕಲು ಎಎಂಎಚ್ ಎಂಬ ಹಾರ್ಮೋನಿನ ಪರೀಕ್ಷೆ ಕೂಡ ಬೇಕಿಲ್ಲ. ನಮ್ಮಲ್ಲಿ ಎಎಂಎಚ್ ಅಂಕಿ ಕಡಿಮೆ ಬಂದ ದಿನ ಮನೆಗಳಲ್ಲಿ ಅಡುಗೆ ಆಗುವುದಿಲ್ಲ, ಆದರೆ ಅದು ಅಂಡಾಣುಗಳ ದಾಸ್ತಾನಿನ ಅಂದಾಜಷ್ಟೇ. ಸಹಜವಾಗಿ ಗರ್ಭ ನಿಲ್ಲುವುದೋ ಇಲ್ಲವೋ ಎಂದು ಅದು ಹೇಳಲಾರದೆಂದು 2017ರ ಅಮೆರಿಕದ ಅಧ್ಯಯನ ತೋರಿಸಿದೆ. ಹಾಗಾದರೆ ಕೇಳುವುದು ಕಡಿಮೆ, ಪರೀಕ್ಷಿಸುವುದು ಹೆಚ್ಚು ಏಕಾಯಿತು? ಪರೀಕ್ಷೆಗೆ ಬಿಲ್ ಹಾಕಬಹುದು, ನಲವತ್ತು ನಿಮಿಷ ಕೂತು ಮಾತನಾಡಿಸಿದ್ದಕ್ಕೆ ಬಿಲ್ ಹಾಕುವುದು ಕಷ್ಟ. ಬಿಲ್ಲಿನ ಈ ಲೆಕ್ಕ ಮೇಲಾದದ್ದಕ್ಕೆ ಸರ್ಕಾರ ದೂರ ಉಳಿದದ್ದೂ ಕಾರಣ. 1930ರಲ್ಲಿಯೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಕ್ಲಿನಿಕ್ಕುಗಳನ್ನು ತೆರೆದು ಜಗತ್ತಿಗೆ ಮಾದರಿಯಾದದ್ದು ಮೈಸೂರು ಸಂಸ್ಥಾನ. ಮಕ್ಕಳು ಬೇಡ ಎನ್ನುವವರಿಗೆ ಅಷ್ಟು ಮುಂಚೆ ತೆರೆದ ಸರ್ಕಾರಿ ಬಾಗಿಲು, ಬೇಕು ಎನ್ನುವವರಿಗೆ ಅಷ್ಟು ಸುಲಭವಾಗಿ ತೆರೆಯಲಿಲ್ಲ. ಆ ಜಾಗವನ್ನು ಖಾಸಗಿ ಕೇಂದ್ರಗಳು ತುಂಬಿದವು.

ಕಾಲ ಮೀರಿದರೆ?

ಈ ವಾದಕ್ಕೆ ಬರುವ ಮೊದಲ ಆಕ್ಷೇಪ ತೂಕದ್ದು. ಹೀಗೆ ಕೇಳುತ್ತ, ಕಾಯುತ್ತ ಕುಳಿತರೆ ಹೆಣ್ಣಿನ ವಯಸ್ಸು ಮೀರುವುದಿಲ್ಲವೇ? ಮೀರುತ್ತದೆ, ಮತ್ತು ಅಂಡಾಣುವಿನ ಗುಣಮಟ್ಟವನ್ನು ವಯಸ್ಸಿನಷ್ಟು ಕುಗ್ಗಿಸುವುದು ಬೇರೊಂದಿಲ್ಲ. ಆದರೆ ಕ್ರಮವಾಗಿ ಮಾಡಿದರೆ ಇಬ್ಬರ ಪೂರ್ತಿ ತನಿಖೆ ಒಂದು ಮುಟ್ಟಿನಿಂದ ಇನ್ನೊಂದು ಮುಟ್ಟಿನೊಳಗೆ, ಹೆಚ್ಚೆಂದರೆ ಎರಡು ತಿಂಗಳಲ್ಲಿ ಮುಗಿಯುತ್ತದೆ. ವರ್ಷಗಳು ಹಾಳಾಗುವುದು ಅರ್ಧಂಬರ್ಧ ತನಿಖೆಯಿಂದ, ಒಂದು ಕ್ಲಿನಿಕ್ಕಿನಿಂದ ಇನ್ನೊಂದಕ್ಕೆ ಹೋಗಿ ಅದೇ ಪರೀಕ್ಷೆ ಮತ್ತೆ ಮಾಡಿಸುವುದರಿಂದ. ಎಷ್ಟು ಕಾಯಬೇಕೆಂಬುದಕ್ಕೂ ಪುರಾವೆಯಿದೆ. ನೆದರ್ಲೆಂಡ್ಸ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಹಜವಾಗಿ ಗರ್ಭ ನಿಲ್ಲುವ ಮಧ್ಯಮ ಸಾಧ್ಯತೆಯಿದ್ದ 253 ಜೋಡಿಗಳಲ್ಲಿ ಅರ್ಧದಷ್ಟು ಜನ ಆರು ತಿಂಗಳು ಔಷಧಿ ಸಹಿತ ಐಯುಐ (ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ) ಮಾಡಿಸಿಕೊಂಡರು, ಉಳಿದವರು ಸುಮ್ಮನೆ ಕಾದರು. ಮುಂದುವರಿದ ಗರ್ಭಗಳ ಪ್ರಮಾಣ ಚಿಕಿತ್ಸೆಯವರಲ್ಲಿ ಶೇ 23, ಕಾದವರಲ್ಲಿ ಶೇ 27. ಆದರೆ ನ್ಯೂಜಿಲೆಂಡಿನಲ್ಲಿ, ಸಹಜ ಗರ್ಭದ ಸಾಧ್ಯತೆ ಕಡಿಮೆಯಿದ್ದ 201 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ, ಮೂರು ಸುತ್ತು ಐಯುಐ ಮಾಡಿಸಿದವರಲ್ಲಿ ಶೇ 31, ಕಾದವರಲ್ಲಿ ಬರೀ ಶೇ 9ರಷ್ಟು ಜನರಿಗೆ ಮಗುವಾಯಿತು ಎಂದು 2018ರಲ್ಲಿ ವರದಿಯಾಯಿತು. ಎರಡೂ ನಿಜ. ಕಾಯಬಹುದಾದವರು ಯಾರು, ಕಾಯಬಾರದವರು ಯಾರು ಎಂದು ವಿಂಗಡಿಸಲು ಆ ಜೋಡಿಯ ವಯಸ್ಸು, ಎಷ್ಟು ವರ್ಷದ ಪ್ರಯತ್ನ, ಇಬ್ಬರ ದೇಹಸ್ಥಿತಿ ಎಲ್ಲ ಗೊತ್ತಿರಬೇಕು. ಸಮಗ್ರ ತನಿಖೆ ಬೇಕಾಗಿರುವುದೇ ಆ ವಿಂಗಡಣೆಗೆ.

ಎರಡನೇ ಆಕ್ಷೇಪ: ಐವಿಎಫ್ ಇರುವಾಗ ಕಾರಣ ಹುಡುಕುವ ಗೋಜೇಕೆ, ಎಲ್ಲ ಅಡ್ಡಿಯನ್ನೂ ಅದು ದಾಟಿಸುತ್ತದಲ್ಲ? ಐವಿಎಫ್ ದೊಡ್ಡ ವರ, ಅದರಲ್ಲಿ ಅನುಮಾನವಿಲ್ಲ. 1978ರ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದ ಎರಡೂವರೆ ತಿಂಗಳೊಳಗೇ ಕಲ್ಕತ್ತೆಯಲ್ಲಿ ಡಾ. ಸುಭಾಷ್ ಮುಖರ್ಜಿ ಆ ಸಾಧನೆ ಮಾಡಿದರು. ಬೆಂಗಳೂರಿನಲ್ಲಿ ಈ ಕ್ಷೇತ್ರವನ್ನು ಕಟ್ಟಿದವರಲ್ಲಿ ಮುಖ್ಯರಾದ ಡಾ. ಕಾಮಿನಿ ರಾವ್ ಅವರಿಗೆ 2014ರಲ್ಲಿ ಪದ್ಮಶ್ರೀ ಸಂದಿತು. ಸಾವಿರಾರು ಮನೆಗಳಲ್ಲಿ ತೊಟ್ಟಿಲು ತೂಗಿದ್ದು ಈ ವಿದ್ಯೆಯಿಂದ. ಆದರೆ ಒಂದು ಸುತ್ತಿಗೆ ಲಕ್ಷ ರೂಪಾಯಿ ಮೀರುವ, ಪ್ರತಿ ಸುತ್ತೂ ಫಲಿಸುತ್ತದೆಂಬ ಖಾತರಿಯಿಲ್ಲದ ಚಿಕಿತ್ಸೆ ಇದು. ಹತೋಟಿ ತಪ್ಪಿದ ಸಕ್ಕರೆಯನ್ನು, ಒಳಪದರದ ಕ್ಷಯವನ್ನು, ಗಂಡನ ಟೆಸ್ಟೊಸ್ಟಿರಾನ್ ಇಂಜೆಕ್ಷನ್ನನ್ನು ಐವಿಎಫ್ ದಾಟಿಸುವುದಿಲ್ಲ. ಊರಿನ ಸೈಟು ಮಾರಿ, ಚಿನ್ನ ಅಡವಿಟ್ಟು ಎರಡು ಸುತ್ತು ಸೋತ ಮೇಲೆ ಅವನ್ನು ಕಂಡುಹಿಡಿಯುವುದಕ್ಕಿಂತ ಮೊದಲೇ ನೋಡುವುದು ಒಳ್ಳೆಯದು. ಪ್ರಯೋಗಾಲಯದಲ್ಲಿ ಅಂಡಾಣು, ವೀರ್ಯಾಣು ಎದುರುಬದುರಾದಾಗಲೇ ಕೆಲವು ದೋಷ ಕಾಣುತ್ತವೆ ಎಂಬುದೂ ಸತ್ಯ. ಅಂಥವರಿಗೆ ಐವಿಎಫ್ಫೇ ತನಿಖೆಯ ಕೊನೆಯ ಮೆಟ್ಟಿಲು.

ಮೂರನೆಯದು ಆಕ್ಷೇಪಕ್ಕಿಂತ ಹೆಚ್ಚಾಗಿ ಒಂದು ನಂಬಿಕೆ. ‘ಟೆನ್ಷನ್ ಮಾಡ್ಕೋಬೇಡಮ್ಮ, ತಾನಾಗೇ ಆಗುತ್ತೆ’ ಎಂಬ ಮಾತನ್ನು ಕೇಳದ ಹೆಣ್ಣಿಲ್ಲ. ಇದರಲ್ಲಿ ಪ್ರೀತಿಯಿರಬಹುದು, ಆದರೆ ಆಗದಿದ್ದರೆ ತಪ್ಪು ಅವಳ ಮನಸ್ಸಿನದು ಎಂಬ ಆರೋಪವೂ ಅಡಗಿದೆ. 14 ಅಧ್ಯಯನಗಳ, 3583 ಮಹಿಳೆಯರ ಮಾಹಿತಿ ಒಟ್ಟುಗೂಡಿಸಿ 2011ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ, ಚಿಕಿತ್ಸೆಗೆ ಮುಂಚಿನ ದುಗುಡಕ್ಕೂ ಆ ಸುತ್ತಿನ ಫಲಿತಾಂಶಕ್ಕೂ ಸಂಬಂಧವಿಲ್ಲ ಎಂದಿತು. ಮನಸ್ಸಿನ ಆರೈಕೆ ಬೇಕಾಗಿರುವುದು ಗರ್ಭ ನಿಲ್ಲಿಸುವ ಉಪಾಯವಾಗಿ ಅಲ್ಲ, ಅವರು ನೊಂದಿದ್ದಾರೆ ಎಂಬ ಒಂದೇ ಕಾರಣಕ್ಕೆ ಬೇಕು. ‘ಏನಮ್ಮಾ, ಏನಾದ್ರೂ ವಿಶೇಷ?’ ಎಂದು ಕೇಳುವ ನೆಂಟರು, ಸೀಮಂತದಲ್ಲಿ ಮಡಿಲು ತುಂಬಲು ಕರೆಯದೆ ಅವಳನ್ನು ಹಿಂದೆ ಕೂರಿಸುವ ಮನೆಯವರು, ಈ ನೋವನ್ನು ದಿನಾ ಕೆರೆಯುತ್ತಾರೆ. ಬನಶಂಕರಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವವರು, ಕುಕ್ಕೆಗೆ, ಘಾಟಿಗೆ ಹೋಗುವವರು, ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲ ಹರಕೆ ಹೊತ್ತವರು ಅಲ್ಲಿ ಸಮಾಧಾನ ಕಂಡರೆ ಅದನ್ನು ಕಸಿಯುವ ಹಕ್ಕು ಯಾರಿಗೂ ಇಲ್ಲ. ಗಂಡ ಹೆಂಡತಿ ಇಬ್ಬರೂ ಕೂಡಿ ಮಾಡುವ ಕೆಲಸ ಅದೊಂದಾದರೂ ಉಳಿದಿದೆ. ನನ್ನ ಎಚ್ಚರಿಕೆ ಪುಡಿ, ಭಸ್ಮಗಳ ಬಗ್ಗೆ ಮಾತ್ರ. ಹೆಸರಿಲ್ಲದ ಪೊಟ್ಟಣಗಳಲ್ಲಿ ಸೀಸ, ಪಾದರಸ ಇರುವ ಅಪಾಯವಿದೆ, ಸೀಸ ವೀರ್ಯಾಣುವಿಗೂ ಹುಟ್ಟುವ ಮಗುವಿಗೂ ವಿಷ. ಏನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರ ಮುಂದಿಡಿ.

ಇಷ್ಟೆಲ್ಲ ನೋಡಿದ ಮೇಲೂ ಕೆಲವರಿಗೆ ಕಾರಣ ಸಿಗುವುದಿಲ್ಲ. ಆಗ ‘ತಿಳಿಯದು’ ಎಂಬುದು ಪ್ರಾಮಾಣಿಕ ಉತ್ತರ. ಹುಡುಕಿ ಸೋತ ಮೇಲೆ ಹೇಳಿದ ಆ ಮಾತಿಗೆ, ಹುಡುಕದೆ ಬರೆದ ಅದೇ ಮಾತಿಗಿಲ್ಲದ ಬೆಲೆಯಿದೆ.

ಕೇಳುವ ಹಕ್ಕು ನಿಮ್ಮದು

2022ರ ಜನವರಿ 25ರಿಂದ ಜಾರಿಯಲ್ಲಿರುವ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯ್ದೆ ಈ ವಿಷಯದಲ್ಲಿ ದಂಪತಿಯ ಪರವಾಗಿದೆ. ನೋಂದಣಿಯಿಲ್ಲದ ಕೇಂದ್ರ ಐವಿಎಫ್ ನಡೆಸುವಂತಿಲ್ಲ. ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವಯಸ್ಸಿನ ಮಿತಿಯಿದೆ. ಇದಕ್ಕಿಂತ ಮುಖ್ಯವಾಗಿ, ಚಿಕಿತ್ಸೆಯ ಯಶಸ್ಸಿನ ಸಾಧ್ಯತೆ, ಒಳಿತು ಕೆಡುಕು, ಖರ್ಚು, ಅಡ್ಡಪರಿಣಾಮ ಎಲ್ಲವನ್ನೂ ತಿಳಿಸಿ ಹೇಳುವ ಆಪ್ತಸಲಹೆಯನ್ನು ಕೇಂದ್ರವೇ ಒದಗಿಸಬೇಕು, ಆಮೇಲೆ ಲಿಖಿತ ಒಪ್ಪಿಗೆ ಪಡೆಯಬೇಕು. ಕೌಂಟರಿನಲ್ಲಿ ನಿಂತುಕೊಂಡೇ ಹತ್ತು ಕಡೆ ಸಹಿ ಹಾಕಿಸಿಕೊಂಡರೆ ಅದು ಆಪ್ತಸಲಹೆಯಲ್ಲ.

ಆ ಹಾಳೆಗೆ ಸಹಿ ಹಾಕುವ ಮೊದಲು ಇಬ್ಬರೂ ಒಟ್ಟಿಗೆ ಕುಳಿತು ಮೂರು ಮಾತು ಕೇಳಿ. ಗಂಡನ ವೀರ್ಯ ಪರೀಕ್ಷೆ, ದೇಹ ತಪಾಸಣೆ ಎರಡೂ ಆಗಿದೆಯೇ? ನಮ್ಮ ಕೆಲಸ, ಪಾಳಿ, ಹಳೆಯ ಕಾಯಿಲೆ, ಮುಟ್ಟಿನ ನೋವು, ದಾಂಪತ್ಯದ ವಿವರ ಫೈಲಿನಲ್ಲಿ ಬರೆದಿದೆಯೇ? ಈಗ ಏನೂ ಮಾಡದೆ ಆರು ತಿಂಗಳು ಕಾದರೆ ನಮ್ಮ ಸಾಧ್ಯತೆ ಎಷ್ಟು? ಉತ್ತರ ಸಿಗುವವರೆಗೆ ಪೆನ್ನು ತೆಗೆಯಬೇಡಿ. ಹೊರಗೆ ಗಾಡಿಗೆ ಒರಗಿ ನಿಂತಿರುವ ಗಂಡಂದಿರಲ್ಲಿ ಒಂದು ಕೋರಿಕೆ: ಹೆಲ್ಮೆಟ್ ಹಿಡಿದುಕೊಂಡೇ ಒಳಗೆ ಹೋಗಿ, ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳಿ.